ಅಂಗಡಿಯ ಹಣ ಬೇರೆ, ಮನೆಯ ಹಣ ಬೇರೆ

(ಜುಮಾ ಪ್ರವಚನದ ಸಾರ, ಓದುಗರಿಗಾಗಿ ವಿಸ್ತರಿಸಿದ್ದು)

ಜುಮಾದ ಕರೆ ಕೇಳಿಸಿದಾಗ ವ್ಯಾಪಾರವನ್ನು ಬಿಟ್ಟು ಬರುವಂತೆ ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ. ಅದು ನಮಗೆಲ್ಲ ಗೊತ್ತಿರುವ ವಿಷಯ. ಆದರೆ ಅದೇ ಸೂರಃ ಅಲ್‌ಜುಮುಅಃದ ಮುಂದಿನ ವಚನವನ್ನು (62:10) ನಾವು ಅಷ್ಟಾಗಿ ನೆನೆಯುವುದಿಲ್ಲ. ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಅಲ್ಲಿ ಹೇಳಲಾಗಿದೆ. ಅಂದರೆ ಮಸೀದಿಯ ಮೆಟ್ಟಿಲಿಳಿದು ಅಂಗಡಿಯ ಬಾಗಿಲು ತೆರೆಯುವುದೂ ಅಲ್ಲಾಹನ ಆಜ್ಞೆಯ ಪಾಲನೆಯೇ. ಹಲಾಲ್ ದುಡಿಮೆ ಇಬಾದತ್‌ನಿಂದ ಹೊರಗಿನದಲ್ಲ.

ಶೆಟ್ಟಿಹಳ್ಳಿಯ ನಮ್ಮ ಸಫ್‌ಗಳಲ್ಲಿ ನಿಲ್ಲುವವರಲ್ಲಿ ಸಂಬಳದ ನೌಕರರು ಕಡಿಮೆ. ತರಕಾರಿ, ಹಣ್ಣಿನ ತಳ್ಳುಗಾಡಿಯವರು, ಪಂಕ್ಚರ್ ಅಂಗಡಿಯವರು, ದರ್ಜಿಗಳು, ವೆಲ್ಡಿಂಗ್ ಮತ್ತು ಗ್ಯಾರೇಜಿನವರು, ಕೋಳಿ ಅಂಗಡಿ, ಬೇಕರಿ, ಚಹಾದಂಗಡಿ ನಡೆಸುವವರು, ಸ್ವಂತ ಆಟೋ ಓಡಿಸುವವರು, ಗುಬ್ಬಿ ಕುಣಿಗಲ್ ಕಡೆಯಿಂದ ಎಳನೀರು ತಂದು ಮಾರುವವರು ಹೆಚ್ಚು. ಇವರೆಲ್ಲರೂ ಉದ್ಯಮಿಗಳೇ. ಬಂಡವಾಳ ಸಣ್ಣದು, ಹೊಣೆ ದೊಡ್ಡದು.

ಒಂದು ಶುಕ್ರವಾರ ನಮಾಝಿನ ನಂತರ ತರಕಾರಿ ಗಾಡಿಯ ಯುವಕನೊಬ್ಬ ಹತ್ತಿರ ಬಂದು ಕುಳಿತ. "ಹಝ್ರತ್, ವ್ಯಾಪಾರ ಪರವಾಗಿಲ್ಲ. ದಿನಾ ಮೂರು ಸಾವಿರ ಕೈಗೆ ಬರ್ತದೆ. ಆದ್ರೆ ರಾತ್ರಿ ನೋಡಿದ್ರೆ ಕಿಸೆ ಖಾಲಿ. ಮನೆಯಲ್ಲಿ ಖರ್ಚು ಜಾಸ್ತಿ. ಬರಕತ್‌ಗೆ ಒಂದು ದುಆ ಹೇಳಿಕೊಡಿ" ಎಂದ. ದುಆ ಹೇಳಿಕೊಡಲಾಯಿತು. ಅದರ ಜೊತೆಗೆ ಇಪ್ಪತ್ತು ರೂಪಾಯಿಯ ಒಂದು ನೋಟ್ ಪುಸ್ತಕ ಕೊಂಡು, ಎರಡು ವಾರ ಒಂದು ರೂಪಾಯಿಯನ್ನೂ ಬಿಡದೆ ಬರೆಯುವಂತೆ ಹೇಳಲಾಯಿತು. ತೂತು ಬಿದ್ದ ಬಿಂದಿಗೆಗೆ ನೀರು ತುಂಬಿಸುವ ಮೊದಲು ತೂತು ಎಲ್ಲಿದೆ ಎಂದು ನೋಡಬೇಕಲ್ಲವೇ? ಆ ಪುಸ್ತಕದಲ್ಲಿ ಏನು ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಎರಡು ದಿರ್ಹಮಿನ ಪಾಠ

ಹಝ್ರತ್ ಅನಸ್(ರ) ವರದಿ ಮಾಡಿರುವ, ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಘಟನೆ ಪ್ರತಿಯೊಬ್ಬ ಸಣ್ಣ ವ್ಯಾಪಾರಿಗೂ ಗೊತ್ತಿರಬೇಕು. ಅನ್ಸಾರಿ ವ್ಯಕ್ತಿಯೊಬ್ಬರು ಪ್ರವಾದಿ(ಸ)ರ ಬಳಿ ನೆರವು ಕೇಳಲು ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ) ವಿಚಾರಿಸಿದರು. ಹೊದೆಯಲೂ ಹಾಸಲೂ ಒಂದೇ ಬಟ್ಟೆ, ನೀರು ಕುಡಿಯಲು ಒಂದು ಬಟ್ಟಲು, ಇಷ್ಟೇ ಇತ್ತು. ಅವೆರಡನ್ನೂ ತರಿಸಿ ಪ್ರವಾದಿ(ಸ) ತಾವೇ ಹರಾಜು ಕೂಗಿದರು. ಒಬ್ಬರು ಒಂದು ದಿರ್ಹಮ್ ಕೊಡುತ್ತೇನೆಂದರು. ಇನ್ನೂ ಹೆಚ್ಚು ಕೊಡುವವರಿದ್ದಾರೆಯೇ ಎಂದು ಎರಡು ಮೂರು ಬಾರಿ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮಿಗೆ ಕೊಂಡರು.

ಆ ಎರಡು ದಿರ್ಹಮನ್ನು ಪ್ರವಾದಿ(ಸ) ಹೇಗೆ ಹಂಚಿದರು ಎಂಬುದನ್ನು ಗಮನಿಸಿ. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿ ಬಂದ ಮೇಲೆ ತಮ್ಮ ಕೈಯಾರೆ ಅದಕ್ಕೆ ಹಿಡಿ ಹಾಕಿಕೊಟ್ಟರು. ಸೌದೆ ಕಡಿದು ಮಾರಬೇಕು, ಹದಿನೈದು ದಿನ ಕಣ್ಣಿಗೆ ಬೀಳಬಾರದು ಎಂದು ಹೇಳಿ ಕಳಿಸಿದರು. ಆ ಸಹಾಬಿ ಮರಳಿ ಬಂದಾಗ ಅವರ ಬಳಿ ಹತ್ತು ದಿರ್ಹಮ್ ಸಂಪಾದನೆ ಇತ್ತು.

ಮನೆಯಲ್ಲಿ ಹಸಿವಿದ್ದರೂ ಎರಡು ದಿರ್ಹಮಿಗೂ ರೊಟ್ಟಿ ಕೊಳ್ಳಲಿಲ್ಲ. ಹಾಗೆಂದು ಮನೆಯವರನ್ನು ಉಪವಾಸ ಕೆಡವಿ ಎರಡನ್ನೂ ಬಂಡವಾಳಕ್ಕೆ ಹಾಕಲೂ ಇಲ್ಲ. ಹೊಟ್ಟೆಯ ಪಾಲು ಬೇರೆ, ಕೊಡಲಿಯ ಪಾಲು ಬೇರೆ. ಕೊಡಲಿಯ ದಿರ್ಹಮನ್ನು ಅಂದೇ ತಿಂದಿದ್ದರೆ ಹದಿನಾರನೆಯ ದಿನ ಅವರು ಮತ್ತೆ ಕೈಚಾಚಬೇಕಾಗುತ್ತಿತ್ತು. ನಮ್ಮಲ್ಲಿ ಬಹಳಷ್ಟು ಅಂಗಡಿಗಳು ಮುಚ್ಚುವುದು ವ್ಯಾಪಾರವಿಲ್ಲದೆ ಅಲ್ಲ, ಕೊಡಲಿಯ ದಿರ್ಹಮನ್ನು ತಿಂದು ಹಾಕಿ.

ನಮ್ಮ ಜಿಲ್ಲೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಬೀಸಿ ಮುದ್ದೆ ಮಾಡಿಕೊಂಡರೆ ಮುಂಗಾರಿಗೆ ಹೊಲ ಖಾಲಿ. ಸೂರಃ ಯೂಸುಫ್‌ನಲ್ಲಿ (12:47-48) ಯೂಸುಫ್(ಅ) ಹೇಳಿಕೊಟ್ಟ ಯೋಜನೆಯೂ ಅದೇ. ಸಮೃದ್ಧಿಯ ಏಳು ವರ್ಷ ಅಗತ್ಯದಷ್ಟೇ ತಿಂದು ಉಳಿದುದನ್ನು ತೆನೆಯಲ್ಲೇ ಇಡುವುದು, ಬರದ ಏಳು ವರ್ಷ ಅದನ್ನು ಬಳಸುವುದು. ಆದರೆ ಬರದ ವರ್ಷಗಳಲ್ಲೂ ಸ್ವಲ್ಪವನ್ನು ಮುಟ್ಟದೆ ಕಾಪಾಡುವಂತೆ ಅಲ್ಲಿ ಸೂಚನೆ ಇದೆ. ಅದು ಬಿತ್ತನೆಯ ಬೀಜ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಎರಡು ಡಬ್ಬಿ, ಒಂದು ಕೂಲಿ

ಇದನ್ನು ನಮ್ಮ ಅಂಗಡಿಯಲ್ಲಿ ಜಾರಿಗೆ ತರುವುದು ಹೇಗೆ? ಮೊದಲ ಹೆಜ್ಜೆ ಎರಡು ಡಬ್ಬಿ ಇಡುವುದು. ಒಂದು ಅಂಗಡಿಯದು, ಇನ್ನೊಂದು ಮನೆಯದು. ಫೋನ್‌ಪೇ, ಗೂಗಲ್‌ಪೇ ಬಳಸುವವರು ಎರಡು ಬ್ಯಾಂಕ್ ಖಾತೆ ಇಟ್ಟುಕೊಳ್ಳಲಿ. ಅಂಗಡಿಯ ಕ್ಯೂಆರ್ ಕೋಡ್ ಒಂದು ಖಾತೆಗೆ, ಮನೆಯ ಖರ್ಚು ಇನ್ನೊಂದರಿಂದ.

ಎರಡನೆಯ ಹೆಜ್ಜೆ, ಮಾಲೀಕ ತನಗೆ ತಾನೇ ಕೂಲಿ ಗೊತ್ತುಮಾಡಿಕೊಳ್ಳುವುದು. ಹಝ್ರತ್ ಅಬೂಬಕರ್(ರ) ಬಟ್ಟೆ ವ್ಯಾಪಾರಿಗಳಾಗಿದ್ದರು. ಖಲೀಫರಾದ ಮೇಲೂ ದುಡಿಯಲು ಮಾರುಕಟ್ಟೆಗೆ ಹೊರಟಿದ್ದರು. ಆಡಳಿತದ ಕೆಲಸ ಕೆಡುವುದೆಂದು ಸಹಾಬಿಗಳು ಅವರ ಕುಟುಂಬಕ್ಕೆ ಬೈತುಲ್ ಮಾಲ್‌ನಿಂದ ಒಂದು ಮೊತ್ತ ನಿಗದಿ ಮಾಡಿದರು. ಇಡೀ ಖಜಾನೆ ಅವರ ಕೈಯಲ್ಲಿದ್ದರೂ ಮನೆಗೆ ಹೋಗುತ್ತಿದ್ದುದು ನಿಗದಿಯಾದಷ್ಟೇ. ಗಲ್ಲಾಪೆಟ್ಟಿಗೆಯ ಬೀಗದ ಕೈ ನಮ್ಮಲ್ಲಿದೆ ಎಂದ ಮಾತ್ರಕ್ಕೆ ಅದರಲ್ಲಿರುವುದೆಲ್ಲ ಇಂದೇ ಖರ್ಚು ಮಾಡುವ ಹಣವಲ್ಲ.

ಒಂದು ಉದಾಹರಣೆ ನೋಡೋಣ. ಚಹಾ ಮತ್ತು ಬೋಂಡಾ ಮಾರುವ ಒಬ್ಬರಿಗೆ ದಿನಕ್ಕೆ 3,000 ರೂಪಾಯಿ ವ್ಯಾಪಾರವಾಗುತ್ತದೆ ಎಂದುಕೊಳ್ಳಿ. ಹಾಲು, ಎಣ್ಣೆ, ಹಿಟ್ಟು, ಗ್ಯಾಸ್‌ಗೆ 2,100. ಜಾಗದ ಬಾಡಿಗೆ, ವಿದ್ಯುತ್ತಿಗೆ ದಿನದ ಲೆಕ್ಕದಲ್ಲಿ 150. ಉಳಿಯುವುದು 750. ಇದೇ ಅವರ ನಿಜವಾದ ದುಡಿಮೆ. ಮೂರು ಸಾವಿರ ಅಲ್ಲ. ಈ 750ರಲ್ಲಿ ಮನೆಗೆ ಕೂಲಿ 550, ಅಂಗಡಿಯ ಬೆಳವಣಿಗೆಗೆ 120, ಕಷ್ಟಕಾಲದ ಡಬ್ಬಿಗೆ 60, ಸದಕಾಕ್ಕೆ 20 ಎಂದು ಹಂಚಿದರೆ, ತಿಂಗಳಿಗೆ 26 ದಿನದ ಕೆಲಸದಲ್ಲಿ ಅಂಗಡಿಗೆ 3,120 ಮತ್ತು ಕಷ್ಟಕಾಲಕ್ಕೆ 1,560 ರೂಪಾಯಿ ಸೇರುತ್ತದೆ. ವರ್ಷಕ್ಕೆ ಅಂಗಡಿಗೆ 37,440, ಕಷ್ಟಕಾಲಕ್ಕೆ 18,720. ಹೊಸ ಒಲೆ, ಒಳ್ಳೆಯ ಗಾಡಿ, ಒಂದು ಫ್ರಿಜ್, ಯಾವುದಕ್ಕೂ ಸಾಲ ಕೇಳುವ ಪ್ರಮೇಯ ಬರುವುದಿಲ್ಲ.

ನಿಮ್ಮ ಅಂಕಿಗಳು ಬೇರೆ ಇರಬಹುದು. ದಿನಕ್ಕೆ 120ರ ಬದಲು 20 ಮಾತ್ರ ಸಾಧ್ಯವಾಗಬಹುದು. ಇಪ್ಪತ್ತರಿಂದಲೇ ಆರಂಭಿಸಿ. ಆದರೆ ಉಳಿದರೆ ಎತ್ತಿಡೋಣ ಎಂದು ಕಾಯಬೇಡಿ. ಸಂಜೆ ಗಲ್ಲಾ ಎಣಿಸಿದ ಕೂಡಲೇ ಮೊದಲು ಎತ್ತಿಡಿ, ಆಮೇಲೆ ಮನೆಗೆ ಹೊರಡಿ.

ಬರೆದಿಡುವುದು ದೀನಿನ ಆದೇಶ

ಕುರ್‌ಆನಿನ ಅತ್ಯಂತ ಉದ್ದದ ವಚನ ಯಾವುದು ಎಂದು ಕೇಳಿದರೆ ಎಷ್ಟು ಜನರಿಗೆ ಉತ್ತರ ಗೊತ್ತು? ಅದು ಸೂರಃ ಅಲ್‌ಬಕರಃದ 282ನೇ ವಚನ. ವಿಷಯ ಸಾಲ ಮತ್ತು ವ್ಯವಹಾರವನ್ನು ಬರೆದಿಡುವುದು. ಅವಧಿ ಗೊತ್ತುಮಾಡಿದ ಸಾಲವನ್ನು ಬರೆಯಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಅಲ್ಲಿ ವಿವರವಾಗಿ ಹೇಳಲಾಗಿದೆ. ಸಾಲದ ಚೀಟಿಗೆ ಇಷ್ಟು ಪ್ರಾಮುಖ್ಯ ಕೊಟ್ಟ ಗ್ರಂಥದ ಅನುಯಾಯಿಗಳು ನಾವು. ಆದರೆ ನಮ್ಮಲ್ಲಿ ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಅಂಗಡಿ ಹಾಕುವಾಗ ಬರೆಯಲು ಹೇಳಿದರೆ, ನಂಬಿಕೆ ಇಲ್ಲವೇ ಎಂದು ಮುನಿಸಿಕೊಳ್ಳುತ್ತಾರೆ. ಐದು ವರ್ಷದ ನಂತರ ಅದೇ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಬರವಣಿಗೆ ನಂಬಿಕೆಯನ್ನು ಕೆಡಿಸುವುದಿಲ್ಲ, ಕಾಪಾಡುತ್ತದೆ.

ದಿನದ ಪುಸ್ತಕಕ್ಕೆ ನಾಲ್ಕು ಕಾಲಂ ಸಾಕು: ಇಂದು ಬಂದದ್ದು, ಸಾಮಾನಿಗೆ ಹೋದದ್ದು, ಮನೆಗೆ ಕೊಟ್ಟದ್ದು, ಉದ್ರಿ. ಉದ್ರಿ ಕೊಟ್ಟಾಗ ಗಿರಾಕಿಯ ಎದುರೇ ಬರೆದು ತೋರಿಸಿ. ಅವರಿಗೂ ನೆನಪಿರುತ್ತದೆ, ನಿಮಗೂ ಜಗಳವಿರುವುದಿಲ್ಲ. ವಾರಕ್ಕೊಮ್ಮೆ, ಶುಕ್ರವಾರವೇ ಆಗಲಿ, ಕೂಡಿಸಿ ನೋಡಿ.

ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈ ತಿಂಗಳು ಇಡೀ ರಾಜ್ಯಕ್ಕೆ ತೋರಿಸಿತು. ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಿಗೂ ತರಕಾರಿ ವ್ಯಾಪಾರಿಗಳಿಗೂ ನೋಟಿಸ್ ಕಳುಹಿಸಿತು. ಹೆದರಿದ ಹಲವರು ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಎಂಬ ಬೋರ್ಡ್ ತಗುಲಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು. ನೋಂದಣಿ ಆಗಬೇಕಾದವರು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಮಾತೂ ಅದರ ಜೊತೆಗಿತ್ತು.

ಇಲ್ಲಿ ನೆನಪಿಡಬೇಕಾದ ಸಂಗತಿಗಳು ಸರಳ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣು, ಬಿಡಿ ಹಾಲು, ತಾಜಾ ಮಾಂಸದಂತಹ ತೆರಿಗೆ ಇಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ಅದು ಬೇಕಿಲ್ಲ. ವಹಿವಾಟು ಒಂದೂವರೆ ಕೋಟಿಯೊಳಗಿರುವ ವರ್ತಕರಿಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇಕಡಾ 1ರಷ್ಟು ಕಟ್ಟುವ ಸುಲಭ ದಾರಿಯೂ ಇದೆ. ಆದರೆ ಇದನ್ನೆಲ್ಲ ಅಧಿಕಾರಿಯ ಮುಂದೆ ತೋರಿಸಲು ಪುಸ್ತಕ ಬೇಕು. ತಂಗಿಯ ಮದುವೆಗೆ ಮಾವ ಕಳಿಸಿದ ಹಣವೂ, ಸ್ನೇಹಿತ ತಿರುಗಿಸಿಕೊಟ್ಟ ಕೈಸಾಲವೂ, ಅಂಗಡಿಯ ವ್ಯಾಪಾರವೂ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ಯಾವುದೆಂದು ಯಾರಿಗೆ ಗೊತ್ತಾಗಬೇಕು? ಎರಡು ಖಾತೆ ಇಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪುಸ್ತಕ ಹೇಳಿದ ಸತ್ಯ

ಆ ಯುವಕ ಎರಡು ವಾರದ ನಂತರ ಪುಸ್ತಕ ಹಿಡಿದು ಬಂದ. ಮುಖ ಸಪ್ಪಗಿತ್ತು. "ಮನೆಯವಳನ್ನ ಸುಮ್ನೆ ಬೈತಿದ್ದೆ ಹಝ್ರತ್" ಎಂದ. ಮನೆಗೆ ಹೋಗುತ್ತಿದ್ದ ಹಣ ಅವನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು. ತೂತು ಬೇರೆ ಎರಡು ಕಡೆ ಇತ್ತು. ಒಂದು, ದಿನಕ್ಕೆ ಸುಮಾರು ಮೂರು ಕಿಲೋ ಟೊಮೆಟೊ ಕೊಳೆತು ಹೋಗುತ್ತಿತ್ತು. ಕಿಲೋಗೆ 20 ರೂಪಾಯಿ ಅಸಲು ಎಂದರೂ ದಿನಕ್ಕೆ 60, ತಿಂಗಳಿಗೆ 1,560 ರೂಪಾಯಿ. ಇನ್ನೊಂದು, ದಿನದ ಬಡ್ಡಿ.

ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ತೆಗೆದುಕೊಳ್ಳುವ ವ್ಯವಹಾರ ನಮ್ಮ ಮಾರುಕಟ್ಟೆಗಳಿಗೆ ಹೊಸದಲ್ಲ. ನೂರು ರೂಪಾಯಿ ತಾನೇ ಎನಿಸುತ್ತದೆ. ಲೆಕ್ಕ ಹಾಕಿ. ದಿನಕ್ಕೆ 100, ತಿಂಗಳಿಗೆ 2,600, ವರ್ಷಕ್ಕೆ 31,200 ರೂಪಾಯಿ. ವರ್ಷವೆಲ್ಲ ಅಷ್ಟು ಕಟ್ಟಿದರೂ ಮರುದಿನ ಬೆಳಿಗ್ಗೆ ಕೈಯಲ್ಲಿ ಸ್ವಂತದ 900 ರೂಪಾಯಿ ಇರುವುದಿಲ್ಲ! ಅಲ್ಲಾಹನು ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿ ಬಡ್ಡಿಯನ್ನು ನಿಷೇಧಿಸಿದ್ದೇಕೆ (2:275) ಎಂದು ಕೇಳುವವರಿಗೆ ಈ ಒಂದು ಲೆಕ್ಕವೇ ಉತ್ತರ. ಬಡವನ ಬೆವರು ಪ್ರತಿ ಸಂಜೆ ಇನ್ನೊಬ್ಬರ ಕಿಸೆಗೆ ಹರಿಯುತ್ತದೆ.

ಹೊರಬರುವ ದಾರಿ ಕಷ್ಟದ್ದು, ಆದರೆ ದೂರದ್ದಲ್ಲ. ದಿನಕ್ಕೆ 30 ರೂಪಾಯಿ ಬೇರೆ ಡಬ್ಬಿಗೆ ಹಾಕಿದರೆ ಮೂವತ್ತು ದಿನದ ಕೆಲಸಕ್ಕೆ 900 ಸ್ವಂತ ಬಂಡವಾಳ. ಅಂದಿನಿಂದ ಬಡ್ಡಿಯ ನೂರು ರೂಪಾಯಿ ನಿಮ್ಮದು. ಆ ಒಂದು ತಿಂಗಳು ಚಹಾ, ಬೀಡಿ, ಗುಟ್ಕಾಕ್ಕೆ ಹೋಗುವ ಚಿಲ್ಲರೆಯಲ್ಲಿ ಕೈ ಬಿಗಿ ಹಿಡಿಯಬೇಕು. ಸಾಲ ಕೊಟ್ಟವರ ಅಸಲನ್ನು ಮಾತ್ರ ನಿಷ್ಠೆಯಿಂದ ತೀರಿಸಬೇಕು. ಪಡೆದ ಸಾಲವನ್ನು ಮರಳಿಸದಿರುವುದನ್ನು ದೀನ್ ಎಂದೂ ಒಪ್ಪಿಲ್ಲ.

ವಸೂಲಿಯ ಹೆಸರಿನಲ್ಲಿ ಮನೆ ಮುಂದೆ ನಿಂತು ಅವಮಾನ ಮಾಡಿದರೆ, ಬೆದರಿಸಿದರೆ ಸುಮ್ಮನೆ ಸಹಿಸಬೇಕಾಗಿಲ್ಲ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 2004ರಿಂದಲೇ ಇದೆ. ಕಿರುಸಾಲದ ಕಿರುಕುಳದಿಂದ ಜನರು ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡದ ಅವಕಾಶ ಅದರಲ್ಲಿದೆ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಲು ಅಳುಕಿದರೆ ಮಸೀದಿಯ ಕಮಿಟಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇಲ್ಲಿ ಅನುಕೂಲಸ್ಥರಿಗೂ ಒಂದು ಮಾತು ಇದೆ. ಸಾಲಗಾರನು ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಉತ್ತಮ ಎಂದು ಕುರ್‌ಆನ್ (2:280) ಬೋಧಿಸಿದೆ. ಒಂದು ಮೊಹಲ್ಲಾದಲ್ಲಿ ಹತ್ತು ಜನ ಅನುಕೂಲಸ್ಥರು ತಲಾ 5,000 ರೂಪಾಯಿ ಬದಿಗಿಟ್ಟರೆ 50,000 ರೂಪಾಯಿಯ ಕರ್ಝೆ ಹಸನಾ ನಿಧಿ ಆಗುತ್ತದೆ. ಅದರಿಂದ ಐವತ್ತು ತಳ್ಳುಗಾಡಿಗಳಿಗೆ ಬೆಳಗಿನ ಸಾವಿರ ರೂಪಾಯಿ ಕೊಡಬಹುದು. ಹಣ ಮರಳಿ ಬರುತ್ತದೆ, ಪುಣ್ಯ ಉಳಿಯುತ್ತದೆ. ಹಾಗೆಯೇ ಹತ್ತು ಅಂಗಡಿಯವರು ದಿನಕ್ಕೆ 50 ರೂಪಾಯಿಯಂತೆ ಸೇರಿಸಿದರೆ ಮೂವತ್ತು ದಿನಕ್ಕೆ 15,000. ಹರಾಜಿಲ್ಲದೆ, ಕಡಿತವಿಲ್ಲದೆ, ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಪೂರ್ತಿ ಮೊತ್ತ ಸಿಗುವ ಇಂತಹ ಕೂಡುವಿಕೆಯಲ್ಲಿ ಬಡ್ಡಿಯ ಸೋಂಕಿಲ್ಲ. ಪರಿಚಿತರಷ್ಟೇ ಸೇರಲಿ, ಬರೆದಿಡಲಿ.

ಹಲಾಲ್ ಎಂಬ ಬೋರ್ಡಿಗೆ ಮರುಳಾಗಬೇಡಿ

ಉಳಿಸಿದ ಹಣವನ್ನು ಎಲ್ಲಿಡಬೇಕು? ಈ ಪ್ರಶ್ನೆಗೆ ನಮ್ಮ ಸಮುದಾಯ ತೆತ್ತ ಬೆಲೆ ದೊಡ್ಡದು. ಬೆಂಗಳೂರಿನ ಐಎಂಎ ಸಂಸ್ಥೆ, ಬಡ್ಡಿ ಅಲ್ಲ ಹಲಾಲ್ ಲಾಭಾಂಶ ಎಂದು ಹೇಳಿ ಸುಮಾರು 4,000 ಕೋಟಿ ರೂಪಾಯಿ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಮುಖ್ಯಸ್ಥ ದೇಶ ಬಿಟ್ಟು ಹೋಗಿ ಜುಲೈನಲ್ಲಿ ದೆಹಲಿಯಲ್ಲಿ ಬಂಧಿತನಾದ. ಮಗಳ ಮದುವೆಗೆ, ಹಜ್ಜ್‌ಗೆ ಕೂಡಿಟ್ಟ ಹಣ, ಮಾರಿದ ಒಡವೆಯ ಹಣ, ಎಲ್ಲವೂ ಅದರಲ್ಲಿ ಸಿಕ್ಕಿಕೊಂಡಿತು.

ಇದರಿಂದ ಕಲಿಯಬೇಕಾದುದು ಏನು? ವ್ಯಾಪಾರದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ನಷ್ಟವೇ ಇಲ್ಲ, ತಿಂಗಳು ತಿಂಗಳು ಇಷ್ಟು ಖಚಿತ ಎಂದು ಯಾರಾದರೂ ಹೇಳಿದರೆ ಅದು ವ್ಯಾಪಾರವಲ್ಲ. ಯಾವ ಸರಕು, ಎಲ್ಲಿ ಕೊಂಡರು, ಯಾರಿಗೆ ಮಾರಿದರು ಎಂದು ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಗಡ್ಡ ಟೋಪಿ ನೋಡಿ ಹಣ ಕೊಡಬೇಡಿ. ಸಂಪತ್ತನ್ನು ಅಲ್ಲಾಹನು ನಮ್ಮ ಬದುಕಿನ ಆಧಾರವಾಗಿ ಮಾಡಿದ್ದಾನೆ, ಅದನ್ನು ಅವಿವೇಕಿಗಳ ಕೈಗೆ ಕೊಡಬಾರದು ಎಂಬ ಬೋಧನೆ ಸೂರಃ ಅನ್ನಿಸಾದ 5ನೇ ವಚನದಲ್ಲಿದೆ.

ಕಷ್ಟಕಾಲದ ಹಣಕ್ಕೆ ಬ್ಯಾಂಕ್ ಖಾತೆ ಸುರಕ್ಷಿತ. ಬ್ಯಾಂಕ್ ಮುಳುಗಿದರೂ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಖಾತೆಗೆ ತಾನಾಗಿ ಬಂದು ಬೀಳುವ ಬಡ್ಡಿಯನ್ನು ಲೆಕ್ಕ ಹಾಕಿ ಹೊರತೆಗೆದು, ಪುಣ್ಯದ ಉದ್ದೇಶವಿಲ್ಲದೆ ಬಡವರಿಗೆ ಕೊಟ್ಟುಬಿಡುವಂತೆ ಉಲಮಾಗಳು ಹೇಳುತ್ತಾರೆ. ಬಡ್ಡಿಯೇ ಬೇಡ ಎನ್ನುವ ವ್ಯಾಪಾರಿಗಳು ಚಾಲ್ತಿ ಖಾತೆ ತೆರೆಯಬಹುದು.

ಆದಾಯ ಹೆಚ್ಚುವುದು ಹೇಗೆ

ಖರ್ಚು ಕಡಿಮೆ ಮಾಡುವುದಕ್ಕೆ ಒಂದು ಮಿತಿ ಇದೆ. ಆಮೇಲೆ ದುಡಿಮೆ ಬೆಳೆಯಬೇಕು. ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರರು ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದಾಗ, ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಗಿಣ್ಣು, ತುಪ್ಪದ ಸಣ್ಣ ವ್ಯಾಪಾರದಿಂದ ಆರಂಭಿಸಿ ದೊಡ್ಡ ವರ್ತಕರಾದರು.

ಒಂದು, ಕೂಡಿ ಕೊಳ್ಳಿ. ಅಂತರಸನಹಳ್ಳಿ ಮಾರುಕಟ್ಟೆಗೆ ನಾಲ್ಕು ಗಾಡಿಯವರು ನಾಲ್ಕು ಆಟೋದಲ್ಲಿ ಹೋಗುವ ಬದಲು ಒಂದರಲ್ಲಿ ಹೋಗಿ, ಇಡೀ ಮೂಟೆ, ಇಡೀ ಕ್ರೇಟ್ ಕೊಂಡು ಹಂಚಿಕೊಳ್ಳಿ. ಬಾಡಿಗೆಯೂ ಉಳಿಯುತ್ತದೆ, ಒಬ್ಬರ ಮೇಲೇ ಹೆಚ್ಚಿನ ಸರಕಿನ ಭಾರ ಬಿದ್ದು ಕೊಳೆಯುವುದೂ ತಪ್ಪುತ್ತದೆ.

ಎರಡು, ತೂಕ ಮತ್ತು ಮಾತು. ಅಳತೆಯಲ್ಲಿ ಕಡಿಮೆ ಕೊಡುವವರ ವಿನಾಶದ ಬಗ್ಗೆ ಎಚ್ಚರಿಸಿ ಒಂದು ಸೂರಃವೇ (83) ಅವತೀರ್ಣವಾಗಿದೆ. ಧಾನ್ಯದ ರಾಶಿಯ ಒಳಗೆ ಕೈಹಾಕಿ ತೇವ ಕಂಡಾಗ, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿ(ಸ) ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮೆತ್ತಗಾದ ಹಣ್ಣನ್ನು ಬೇರೆ ಇಟ್ಟು ಕಡಿಮೆ ಬೆಲೆಗೆ ಹೇಳಿ ಮಾರಿ. ಹಿಂದೂ ಗಿರಾಕಿಯಿರಲಿ ಮುಸ್ಲಿಮ್ ಗಿರಾಕಿಯಿರಲಿ, ಒಮ್ಮೆ ಮೋಸ ಹೋದವರು ಮತ್ತೆ ಬರುವುದಿಲ್ಲ. ನಂಬಿದವರು ನೆರೆಮನೆಯವರನ್ನೂ ಕರೆತರುತ್ತಾರೆ.

ಮೂರು, ಕೈಕೆಲಸವನ್ನು ಮೇಲಕ್ಕೆ ಒಯ್ಯಿರಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದ ಮಾದರಿಯಲ್ಲಿ ಇಂದು ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ತರಬೇತಿ, ಊಟ, ವಸತಿ ಉಚಿತ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ, ಬಡಗಿ, ಕಮ್ಮಾರ, ಗಾರೆಯವರು, ಕ್ಷೌರಿಕರು ಸೇರಿ 18 ಕಸುಬಿನವರಿಗೆ ತರಬೇತಿಯ ದಿನಗಳಿಗೆ ಭತ್ಯೆ ಮತ್ತು ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಅದರ ಸಾಲ ಬಡ್ಡಿಯದ್ದು. ಬೇಡವಾದವರು ಸಾಲಕ್ಕೆ ಅರ್ಜಿ ಹಾಕಬೇಕಾಗಿಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದಲ್ಲಾಳಿಗೆ ಹಣ ಕೊಡಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಸಹಾಯಧನದ ಯೋಜನೆಗಳನ್ನು ವಿಚಾರಿಸಿ. ಷರತ್ತು ಓದಿಸಿಕೊಂಡು, ಬಡ್ಡಿಯ ಅಂಶವಿದ್ದರೆ ಆಲಿಮರನ್ನು ಕೇಳಿ ಮುಂದುವರಿಯಿರಿ.

ನಾಲ್ಕು, ಮನೆಯ ಹೆಣ್ಣುಮಕ್ಕಳನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಹಝ್ರತ್ ಖದೀಜಾ(ರ) ಸ್ವತಃ ವರ್ತಕಿ. ಹೆಣ್ಣು ಸಂಪಾದಿಸಿದ್ದು ಹೆಣ್ಣಿನದೇ ಎಂದು ಕುರ್‌ಆನ್ (4:32) ಸ್ಪಷ್ಟಪಡಿಸಿದೆ. 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಗುಬ್ಬಿಯ ಒಬ್ಬ ತಾಯಿ ಬಟ್ಟೆ, ದಾರ ಕೊಳ್ಳಲು ತುಮಕೂರಿಗೆ ಬಂದು ಹೋದರೂ ಬಸ್ಸಿನ ಖರ್ಚಿಲ್ಲ. ಶಾಲೆಗೆ ಹೋದ ಮಗಳಿದ್ದರೆ ಅಂಗಡಿಯ ಪುಸ್ತಕ ಬರೆಯಲು ಅವಳಿಗಿಂತ ಒಳ್ಳೆಯ ಗುಮಾಸ್ತ ಸಿಗುವುದಿಲ್ಲ.

ಝಕಾತ್: ವರ್ಷದ ಲೆಕ್ಕ

ವರ್ಷಕ್ಕೊಮ್ಮೆ ಅಂಗಡಿಯ ಸರಕನ್ನೆಲ್ಲ ಎಣಿಸುವ ಶಿಸ್ತನ್ನು ಝಕಾತ್ ನಮಗೆ ಕಲಿಸುತ್ತದೆ. ಮಾರಾಟದ ಸರಕಿನ ಇಂದಿನ ಬೆಲೆ 3,40,000, ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ 60,000, ಬರುವ ಭರವಸೆಯಿರುವ ಉದ್ರಿ 60,000, ಒಟ್ಟು 4,60,000. ಕೊಡಬೇಕಾದ ಸಾಲ 60,000 ಕಳೆದರೆ 4,00,000. ಇದು ನಿಸಾಬ್ ಮುಟ್ಟಿದ್ದು ವರ್ಷ ತುಂಬಿದ್ದರೆ ಶೇಕಡಾ ಎರಡೂವರೆಯಂತೆ ಝಕಾತ್ 10,000 ರೂಪಾಯಿ. ನಿಸಾಬ್‌ಗೆ ನಮ್ಮ ಕಡೆಯ ಉಲಮಾಗಳು 612.36 ಗ್ರಾಂ ಬೆಳ್ಳಿಯ ಬೆಲೆಯನ್ನು ಲೆಕ್ಕ ಹಿಡಿಯುತ್ತಾರೆ. ತಕ್ಕಡಿ, ಕಪಾಟು, ಹೊಲಿಗೆ ಯಂತ್ರ, ದುಡಿಯುವ ಗಾಡಿ ಇದರಲ್ಲಿ ಸೇರುವುದಿಲ್ಲ.

ಈ ಎಣಿಕೆಯಲ್ಲಿ ಯಾವ ಸರಕು ಧೂಳು ಹಿಡಿದು ಕೂತಿದೆ, ಯಾವ ಉದ್ರಿ ಮುಳುಗಿದೆ, ಹೋದ ರಮಝಾನಿಗಿಂತ ಈ ರಮಝಾನಿಗೆ ಅಂಗಡಿ ಬೆಳೆದಿದೆಯೋ ಕುಗ್ಗಿದೆಯೋ ಎಲ್ಲವೂ ಗೊತ್ತಾಗುತ್ತದೆ. ಝಕಾತ್ ಬಡವರ ಹಕ್ಕು. ಅದನ್ನು ಸರಿಯಾಗಿ ಲೆಕ್ಕ ಹಾಕಿದ ವ್ಯಾಪಾರಿಗೆ ತನ್ನ ಅಂಗಡಿಯ ಗುಣದೋಷವೂ ಕಾಣುತ್ತದೆ.

ಕೊನೆಯದಾಗಿ ಒಂದು ನೋವಿನ ಮಾತು. ಹತ್ತು ವರ್ಷ ಕಟ್ಟಿದ ಅಂಗಡಿಯನ್ನು ಒಂದು ದಿನದ ಶಾದಿಮಹಲ್ ನುಂಗುವುದನ್ನು ನಾವೆಲ್ಲ ನೋಡಿದ್ದೇವೆ. ದುಂದುಗಾರರು ಶೈತಾನನ ಸಹೋದರರೆಂದು ಕುರ್‌ಆನ್ (17:27) ಎಚ್ಚರಿಸಿದೆ. ಸರಳ ನಿಕಾಹ್ ಮಾಡಿ ಅಂಗಡಿ ಉಳಿಸಿಕೊಂಡ ತಂದೆ, ಮಗಳಿಗೆ ಆಪತ್ಕಾಲದಲ್ಲಿ ನೆರವಾಗುವ ತವರನ್ನೂ ಉಳಿಸಿಕೊಂಡಿರುತ್ತಾನೆ.

ಸಹೋದರರೇ, ಸಹೋದರಿಯರೇ, ಈ ಶುಕ್ರವಾರ ನಮಾಝ್ ಮುಗಿಸಿ ಅಂಗಡಿಗೆ ಹೋಗುವಾಗ ದಾರಿಯಲ್ಲಿ ಒಂದು ನೋಟ್ ಪುಸ್ತಕ ಕೊಳ್ಳಿ. ಎರಡು ಡಬ್ಬಿ ಇಡಿ. ಸಂಜೆ ಎಣಿಸಿ, ಬರೆಯಿರಿ, ಕೊಡಲಿಯ ಪಾಲನ್ನು ಮೊದಲು ಎತ್ತಿಡಿ. ಆಮೇಲೆ ಬರಕತ್‌ಗಾಗಿ ಕೈಯೆತ್ತಿ ಬೇಡಿರಿ. ಆ ಯುವಕ ಈಗ ಬೆಳಗಿನ 900 ರೂಪಾಯಿಗೆ ಯಾರ ಮನೆ ಬಾಗಿಲನ್ನೂ ತಟ್ಟುತ್ತಿಲ್ಲ. ಅಲ್ಹಮ್ದುಲಿಲ್ಲಾಹ್.

ಅಲ್ಲಾಹನು ನಮ್ಮೆಲ್ಲರ ದುಡಿಮೆಯನ್ನು ಹಲಾಲ್ ಆಗಿಯೂ ಸಮೃದ್ಧವಾಗಿಯೂ ಇಡಲಿ, ಸಾಲದ ಭಾರದಿಂದ ನಮ್ಮನ್ನು ಬಿಡಿಸಲಿ, ಕೊಡುವ ಕೈಗಳಲ್ಲಿ ನಮ್ಮ ಕೈಯನ್ನೂ ಸೇರಿಸಲಿ. ಆಮೀನ್.